ಇಪ್ಪತ್ತು ಡಾಲರಿನ ಕುದುರೆ ಕಳ್ಳಿ

ನನ್ನ ಮೈಮೇಲೆ ಎರಡು ಮಚ್ಚೆಗಳಿವೆ. ಒಂದು ಕತ್ತಿನ ಬಲಕ್ಕೆ, ಇನ್ನೊಂದು ಎಡ ಮೊಣಕೈಯಿಂದ ಮೂರು ಬೆರಳು ಕೆಳಗೆ. ಸರ್ಕಾರ ಇವನ್ನು ಎರಡು ಸಲ ಬರೆದುಕೊಂಡಿದೆ. ಮೊದಲನೇ ಸಲ 1991ರಲ್ಲಿ, ಜೈಲಿನ ರಿಜಿಸ್ಟರಿನಲ್ಲಿ, ‘ಗುರುತಿನ ಚಿಹ್ನೆ’ ಎಂಬ ಕಾಲಮಿನ ಕೆಳಗೆ. ಎರಡನೇ ಸಲ ಅದಾಗಿ ಇಪ್ಪತ್ತೆಂಟು ವರ್ಷಕ್ಕೆ, ಪಾಸ್‌ಪೋರ್ಟ್ ಅರ್ಜಿಯಲ್ಲಿ. ಕೌಂಟರಿನಲ್ಲಿದ್ದ ಹುಡುಗಿಗೆ ತೋರಿಸೋಣ ಅಂತ ಕಾಲರ್ ಸರಿಸಿದೆ. “ತೋರಿಸೋದು ಬೇಡ ಸರ್, ಹೇಳಿದ್ರೆ ಸಾಕು” ಅಂದಳು. ಜೈಲಿನಲ್ಲಿ ಅಂಗಿ ಬಿಚ್ಚಿಸಿ ನೋಡಿದ್ದರು.

ಏನು ಮಾಡಿದ್ದೆ ಅಂದರೆ, ದೊಡ್ಡಪ್ಪನ ಮಗನ ಕೈ ಮುರಿದಿದ್ದೆ. ನಮ್ಮದು ಹೊನ್ನಾಳಿ ತಾಲ್ಲೂಕು. ಭದ್ರಾ ನಾಲೆಯ ಬಾಲದ ತುದಿಯಲ್ಲಿ ಗದ್ದೆ. ತುದಿಯವರಿಗೆ ನೀರು ಸಿಗುವುದು ಮೇಲಿನವರ ಹೊಟ್ಟೆ ತುಂಬಿದ ಮೇಲೆ. 1989ರ ಬೇಸಿಗೆ ಬೆಳೆಗೆ ನೀರು ಬಿಟ್ಟಿದ್ದ ಒಂದು ರಾತ್ರಿ, ಅಣ್ಣ ಬದು ಕಡಿದು ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡ ಅಂತ ನಾನು, ಬದು ತಾನಾಗೇ ಒಡೆಯಿತು ಅಂತ ಅವನು. ನನ್ನ ಕೈಯಲ್ಲಿ ಸಲಿಕೆ ಇತ್ತು. ಎರಡು ವರ್ಷ ಕೇಸು ನಡೆದು ಐಪಿಸಿ 325ರ ಅಡಿ ಆರು ತಿಂಗಳ ಸಜೆ, ಸಾವಿರ ರೂಪಾಯಿ ದಂಡ. ನಮ್ಮ ಕಡೆ ರೈತ ಸಂಘದ ಚಳವಳಿಯಲ್ಲಿ ಜೈಲು ಕಂಡವರು ಬೇಕಾದಷ್ಟು ಜನ ಇದ್ದಾರೆ. ಅವರು ಜೈಲಿನ ಮುದ್ದೆಯ ಕಥೆ ಹೇಳುವಾಗ ಕೇಳುವವರ ಮೈ ಜುಮ್ಮೆನ್ನುತ್ತದೆ. ಅದೇ ಜೈಲಿನ ಅದೇ ಮುದ್ದೆ ತಿಂದ ನಾನು ಮಾತ್ರ ಆ ಮಾತು ಬಂದಾಗ ಎದ್ದು ದನಕ್ಕೆ ಹುಲ್ಲು ಹಾಕಲು ಹೋಗುತ್ತಿದ್ದೆ.

ಮಗಳು ಹುಟ್ಟಿದ್ದು 1995ರಲ್ಲಿ. ಓದಿದ್ದೆಲ್ಲ ದಾವಣಗೆರೆಯ ಹಾಸ್ಟೆಲಿನಲ್ಲಿ, ಕೆಲಸಕ್ಕೆ ಸೇರಿದ್ದು ಸಿಡ್ನಿಯಲ್ಲಿ. 2023ರಲ್ಲಿ ಬಸುರಿಯಾದಳು. ಬಾಣಂತನಕ್ಕೆ ನಾವಿಬ್ಬರೂ ಹೋಗುವುದೆಂದಾಯಿತು. ಒಂದು ಸಂಜೆ ವಿಡಿಯೊ ಕಾಲಿನಲ್ಲಿ ಕೂತು ವೀಸಾ ಅರ್ಜಿ ತುಂಬುತ್ತಿದ್ದಳು. ಅಪ್ಪನ ಹೆಸರು, ಅಜ್ಜನ ಹೆಸರು, ಬ್ಯಾಂಕಿನಲ್ಲಿ ಎಷ್ಟಿದೆ, ಎಲ್ಲ ಆಯಿತು. ಆಮೇಲೆ ಸರಸರ ಓದುತ್ತಾ, “ಕ್ರಿಮಿನಲ್ ಅಫೆನ್ಸ್, ಕನ್ವಿಕ್ಷನ್... ಇದಕ್ಕೆಲ್ಲ ನೋ ಹಾಕ್ತೀನಿ ಅಪ್ಪಾಜಿ” ಅಂದಳು.

“ತಡಿಯವ್ವ” ಅಂದೆ.

ಪರದೆಯ ಆ ಕಡೆ ಅವಳ ಕೈ ನಿಂತಿತು. ಹೆಂಡತಿ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದ್ದು ಕೇಳಿಸಿತು. ಇಪ್ಪತ್ತೆಂಟು ವರ್ಷ ಹೇಳದೆ ಉಳಿಸಿಕೊಂಡಿದ್ದನ್ನು ಹೇಗೆ ಶುರು ಮಾಡುವುದು ಅಂತ ನಾನು ಗಂಟಲು ಸರಿ ಮಾಡಿಕೊಳ್ಳುತ್ತಿರುವಾಗ ಅವಳೇ ಅಂದಳು: “ದೊಡ್ಡಪ್ಪನ ಕೈದಾ? ಅದು ಗೊತ್ತು ಅಪ್ಪಾಜಿ. ಆರನೇ ಕ್ಲಾಸಲ್ಲೇ ಅಕ್ಕ ಹೇಳಿದ್ಲು. ಅದು ಜಗಳ ಅಲ್ವಾ? ಕ್ರೈಮ್ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ.”

ನಲ್ಲಿ ಮತ್ತೆ ಬಿಟ್ಟ ಸದ್ದಾಯಿತು.

ಪೇಟೆಯಲ್ಲಿ ಒಬ್ಬ ವೀಸಾ ಏಜೆಂಟ್ ಇದ್ದ. “ಮೂವತ್ತು ವರ್ಷದ ಹಿಂದಿನ ಕಥೆ, ನೋ ಅಂತ ಹಾಕಿ, ಅಲ್ಲಿ ಕೂತೋರಿಗೆ ಹೊನ್ನಾಳಿ ಎಲ್ಲಿದೆ ಅಂತಾನೂ ಗೊತ್ತಿಲ್ಲ” ಅಂದ. ಮಾತು ಸರಿ ಅನ್ನಿಸಿತು. ಆದರೆ ಅಳಿಯ ನಿಯಮ ಓದಿ ಹೇಳಿದ್ದೇ ಬೇರೆ. ಆ ದೇಶದ 1958ರ ವಲಸೆ ಕಾಯ್ದೆಯ 501ನೇ ಸೆಕ್ಷನ್ನಿನಲ್ಲಿ ನಡತೆಯ ಪರೀಕ್ಷೆ ಅಂತ ಒಂದಿದೆ. ಹನ್ನೆರಡು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಸಜೆ ಬಿದ್ದವನು ಅದರಲ್ಲಿ ನಪಾಸಾದಂತೆ ಲೆಕ್ಕ. ನನ್ನದು ಆರು. ಅಂದರೆ ನಿಜ ಹೇಳಿದರೆ ದಾಟುವ ಸಾಧ್ಯತೆ ಇತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮೂರು ವರ್ಷ ಬಾಗಿಲು ಬಂದ್. ದಾಖಲೆಯಿಂದ ಅಳಿಸಿಹೋದ ಶಿಕ್ಷೆಯನ್ನೂ ಹೇಳಬೇಕು ಅಂತ ಅರ್ಜಿಯಲ್ಲೇ ಬರೆದಿದೆ. ನಮ್ಮ ಪಾಸ್‌ಪೋರ್ಟ್ ಅರ್ಜಿ ಈ ವಿಷಯದಲ್ಲಿ ಉದಾರಿ. ಹಿಂದಿನ ಐದು ವರ್ಷದಲ್ಲಿ ಎರಡು ವರ್ಷ ಅಥವಾ ಹೆಚ್ಚಿನ ಸಜೆ ಆಗಿದೆಯೇ ಅಂತ ಮಾತ್ರ ಕೇಳುತ್ತದೆ. ಅಲ್ಲಿ ನಾನು ‘ಇಲ್ಲ’ ಅಂತ ಬರೆದದ್ದು ಸುಳ್ಳಲ್ಲ. ನಮ್ಮಲ್ಲಿ ಕಷ್ಟ ಇರುವುದು ಕೇಸು ಇನ್ನೂ ಮುಗಿಯದವರಿಗೆ. ಚಳವಳಿಯ ಕೇಸೊಂದು ನ್ಯಾಯಾಲಯದಲ್ಲಿ ಕೊಳೆಯುತ್ತಿರುವ ನನ್ನ ಗೆಳೆಯನೊಬ್ಬ ಪಾಸ್‌ಪೋರ್ಟ್ ಬೇಕೆಂದರೆ ಮೊದಲು ಆ ನ್ಯಾಯಾಲಯದ ಅನುಮತಿ ತರಬೇಕು. ಅನುಮತಿಯಲ್ಲಿ ಅವಧಿ ಬರೆದಿಲ್ಲದಿದ್ದರೆ ಒಂದೇ ವರ್ಷದ್ದು ಕೊಡುತ್ತಾರೆ. ಅನ್ಯಾಯ ಮಾಡಿ ಶಿಕ್ಷೆ ಮುಗಿಸಿದ ನನಗೆ ಹತ್ತು ವರ್ಷದ್ದು, ತೀರ್ಪೇ ಬಾರದ ಅವನಿಗೆ ಒಂದು ವರ್ಷದ್ದು!

ತೀರ್ಪಿನ ನಕಲು ಬೇಕಾಯಿತು. ಶಿಕ್ಷೆಯಾದಾಗ ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ನನ್ನ ಕಡತ ಯಾವ ಜಿಲ್ಲೆಗೆ ಸೇರಿತು ಅನ್ನುವುದಕ್ಕೆ ಒಂದು ತಿಂಗಳು ಓಡಾಡಿದೆ. ಕೊನೆಗೆ ಬಟ್ಟೆ ಗಂಟೊಂದನ್ನು ಬಿಚ್ಚಿದಾಗ ಹಾಳೆಗಳ ಒಂದು ಮೂಲೆಯನ್ನು ಇಲಿ ತಿಂದಿತ್ತು. ನನ್ನ ಹೆಸರು ಉಳಿದಿತ್ತು. ಅದನ್ನು ಇಂಗ್ಲಿಷಿಗೆ ತರಲು ಹಿರಿಯ ವಕೀಲರೊಬ್ಬರ ಹತ್ತಿರ ಹೋದೆ. ಸಲಿಕೆಯ ಕಾವು, ಬದು, ತೂಬು, ಎಲ್ಲಕ್ಕೂ ಅವರು ಪದ ಹುಡುಕಿದರು. ‘ದಾಯಾದಿ’ಯ ಹತ್ತಿರ ಪೆನ್ನು ನಿಂತಿತು. “ದಾಯಾದಿ ಅಂದ್ರೆ ಜಗಳ ಯಾಕಾಯ್ತು ಅಂತ ಕೇಳೋದೇ ಬೇಡ. ‘ಕಸಿನ್’ ಅಂತ ಬರೆದ್ರೆ ಅವರಿಗೆ ಒಂದೂ ಗೊತ್ತಾಗಲ್ಲ” ಅಂದರು. ಬೇರೆ ದಾರಿ ಇಲ್ಲದೆ ‘ಕಸಿನ್’ ಅಂತಲೇ ಬರೆದರು.

ಪೊಲೀಸ್ ಕ್ಲಿಯರೆನ್ಸಿಗೆ ವಿಚಾರಣೆಗೆ ಬಂದ ಪೇದೆ ನೆರೆಯವರ ಹೇಳಿಕೆ ಬೇಕು ಅಂದ. ನೆರೆಯವನು ಯಾರು? ಅದೇ ಅಣ್ಣ. ನಡುವೆ ಒಂದೇ ಗೋಡೆ. ಮದುವೆ, ತಿಥಿ ಬಿಟ್ಟರೆ ನಮಗೆ ಮಾತಿಲ್ಲ. ಜಗಲಿಯಲ್ಲಿ ಕೂತಿದ್ದ ಅಣ್ಣ, ಪೂರ್ತಿ ಚಾಚಲು ಬಾರದ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಪೇದೆ ಕೇಳಿದ್ದಕ್ಕೆಲ್ಲ ಹೂಂ ಅಂದ. ಕೊನೆಗೆ ತಾನೇ ಸೇರಿಸಿದ: “ಬದು ಈಗ ಸರಿ ಐತೆ ಸಾ. ಹೋಗಿ ಬರ್ಲಿ.”

ಎರಡೂವರೆ ತಿಂಗಳಿಗೆ ವೀಸಾ ಬಂತು.

ಸಿಂಗಪುರ ದಾಟಿ ಎಷ್ಟೋ ಹೊತ್ತಾದ ಮೇಲೆ ಕಿಟಕಿಯ ಕೆಳಗೆ ನೆಲ ಕಾಣಿಸಿತು. ಕೆಂಪು ನೆಲ. ನಮ್ಮ ಚಿತ್ರದುರ್ಗದ ಕಡೆಯ ಕೆಂಪಲ್ಲ, ಸುಟ್ಟ ಹಂಚಿನ ಕೆಂಪು. ಊಟ ಬಂತು, ತಟ್ಟೆ ತೆಗೆದುಕೊಂಡು ಹೋದರು, ಇವಳು ಒಂದು ನಿದ್ದೆ ಮುಗಿಸಿ ಎದ್ದಳು. ಕೆಳಗೆ ಇನ್ನೂ ಅದೇ ಕೆಂಪು. ಒಂದು ಬದು ಇಲ್ಲ, ಒಂದು ಬೇಲಿ ಇಲ್ಲ. ಇಷ್ಟು ನೆಲ ಒಂದೇ ಹಾಸಿಗೆಯಾಗಿ ಬಿದ್ದಿರುವುದನ್ನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಯಾರದಿದು, ಪಹಣಿಯಲ್ಲಿ ಯಾರ ಹೆಸರಿದೆ ಅಂತ ಮನಸ್ಸಿಗೆ ಬಂದು ನಗು ಬಂತು.

ಇಳಿಯುವ ಮುಂಚೆ ಒಂದು ಚೀಟಿ ಕೊಟ್ಟರು. ಮುಂಭಾಗದಲ್ಲಿ ಹೆಸರು, ತಿಂಡಿ, ಬೀಜ, ಸೊಪ್ಪು ತಂದಿದ್ದೀರಾ ಎಂಬ ಪ್ರಶ್ನೆಗಳು. ಅಲ್ಲೇ ಒಂದು ಕಡೆ ಎರಡು ಸಾಲು. ನಿಮಗೆ ಕ್ಷಯ ಇದೆಯೇ? ಅದರ ಕೆಳಗೇ, ನಿಮಗೆ ಅಪರಾಧದ ಶಿಕ್ಷೆ ಆಗಿದೆಯೇ? ಕೆಮ್ಮು ಮತ್ತು ಕೇಡು ಒಂದೇ ಜಗಲಿಯ ಮೇಲೆ ಕೂತಿದ್ದವು. ಕ್ಷಯಕ್ಕೆ ‘ಇಲ್ಲ’, ಇನ್ನೊಂದಕ್ಕೆ ‘ಹೌದು’ ಅಂತ ಗೀಟು ಹಾಕಿದೆ. ಪಕ್ಕದ ಸೀಟಿನ ಯುವಕ ಕಣ್ಣು ಹಾಯಿಸಿ, ತನ್ನ ಚೀಲವನ್ನು ಕಾಲಿನಿಂದ ಮೆಲ್ಲಗೆ ಆಚೆ ಸರಿಸಿಕೊಂಡ. ಸುಳ್ಳು ಹೇಳುತ್ತಿಲ್ಲ.

ಕೌಂಟರಿನಲ್ಲಿ ಚೀಟಿ ನೋಡಿದವರು ನನ್ನನ್ನು ಬೇರೆ ಮೇಜಿಗೆ ಕಳಿಸಿದರು. ಮಗಳು ಜೋಡಿಸಿಕೊಟ್ಟಿದ್ದ ಫೈಲನ್ನು ಎದೆಗೆ ಒತ್ತಿಕೊಂಡು ನಿಂತೆ. ಬಂದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಂಪ್ಯೂಟರಿನಲ್ಲಿ ಓದಿದಳು, ತೀರ್ಪಿನ ಮೂಲೆ ತಿಂದ ನಕಲನ್ನು ತಿರುವಿದಳು, ವರ್ಷ ಯಾವುದು ಅಂತ ಕೇಳಿದಳು. 1991 ಅಂದೆ. “ನಾನು ಹುಟ್ಟಿರಲಿಲ್ಲ” ಅಂದು ಪಾಸ್‌ಪೋರ್ಟ್ ಹಿಂದೆ ಕೊಟ್ಟಳು. ಒಂದು ಮುದ್ರೆ ಸಹ ಒತ್ತಲಿಲ್ಲ.

ಹೊರಗೆ ಬಂದರೆ ಹೆಂಡತಿ ಸಿಕ್ಕಿಬಿದ್ದಿದ್ದಳು. ಅಂಟಿನುಂಡೆ, ಒಣಶುಂಠಿ, ಓಮ, ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಬಿಚ್ಚಿಟ್ಟಿದ್ದರು. ಬಾಣಂತಿ ನೀರಿಗೆ ಅಂತ ಒಣಗಿಸಿ ತಂದಿದ್ದ ಲಕ್ಕಿ ಸೊಪ್ಪನ್ನು ಕೈಗವಸು ಹಾಕಿದವನೊಬ್ಬ ಕವರಿನಲ್ಲಿ ಕಟ್ಟಿ ತೆಗೆದುಕೊಂಡು ಹೋದ. ನನ್ನ ಅಪರಾಧಕ್ಕೆ ಐದು ನಿಮಿಷ, ಅವಳ ಸೊಪ್ಪಿಗೆ ಅರ್ಧ ಗಂಟೆ. ಆ ಸಿಟ್ಟು ಅವಳಿಗೆ ಇವತ್ತಿಗೂ ಇಳಿದಿಲ್ಲ.

ಮೊದಲ ಎರಡು ವಾರ ನಾನು ಬರೀ ಮೇಲೆ ನೋಡುತ್ತಾ ಓಡಾಡಿದೆ. ಸೂರ್ಯ ಉತ್ತರದ ಕಡೆ ವಾಲಿಕೊಂಡು ಹೋಗುತ್ತಾನೆ! ಅರವತ್ತು ವರ್ಷ ನೆರಳು ನೋಡಿ ಹೊತ್ತು ಹೇಳಿದವನು ನಾನು. ಅಲ್ಲಿ ಬೆಳಿಗ್ಗೆ ವಾಕಿಂಗಿಗೆ ಹೋದರೆ ದಿಕ್ಕು ತಪ್ಪುತ್ತಿತ್ತು. ಹುಣ್ಣಿಮೆಯ ದಿನ ಚಂದ್ರನೊಳಗಿನ ಮೊಲ ತಲೆಕೆಳಗಾಗಿ ನಿಂತಿತ್ತು. ಇವಳನ್ನು ಕರೆದು ತೋರಿಸಿದೆ. “ಇಲ್ಲಿ ಎಲ್ಲಾ ಉಲ್ಟಾ ಬಿಡ್ರಿ” ಅಂತ ಒಳಗೆ ಹೋದಳು. ಬಾಲ್ಕನಿಗೆ ಬಿಳಿ ಕಾಕಟೂ ಗಿಳಿಗಳು ಬಂದು ಹಳದಿ ಜುಟ್ಟು ಬಿಚ್ಚಿ ಜಗಳಾಡುತ್ತಿದ್ದವು. ನವೆಂಬರಿನಲ್ಲಿ ಬೀದಿಗಳೆಲ್ಲ ಜಕರಂಡದ ನೇರಳೆ. ಮೊಮ್ಮಗಳು ಹುಟ್ಟಿದ್ದು ಆ ಹೂವು ಉದುರುವ ವಾರ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಇವಳು ಸೀರೆಯ ಜೋಲಿ ಕಟ್ಟಬೇಕೆಂದು ಮನೆಯೆಲ್ಲ ತೊಲೆ ಹುಡುಕಿದಳು. ಆ ಊರಿನ ಫ್ಲಾಟಿನಲ್ಲಿ ತೊಲೆ ಎಲ್ಲಿಂದ ಬರಬೇಕು?

ತೂಗುವ ಬಟ್ಟೆ ನನಗೆ ಸಿಕ್ಕಿದ್ದು ಬೇರೊಂದು ಕಡೆ. ಒಂದು ಭಾನುವಾರ ಅಳಿಯ, “ಮಾವ, ನಿಮಗೆ ಒಂದು ಜಾಗ ತೋರಿಸ್ತೀನಿ, ಬೇಜಾರು ಮಾಡ್ಕೋಬಾರ್ದು” ಅಂತ ಕರೆದುಕೊಂಡು ಹೋದ. ಮಕ್ವಾರಿ ಬೀದಿಯ ತುದಿಯಲ್ಲಿ ಇಟ್ಟಿಗೆಯ ಮೂರು ಅಂತಸ್ತಿನ ಕಟ್ಟಡ, ನೆತ್ತಿಯಲ್ಲಿ ಗಡಿಯಾರ. ಹೈಡ್ ಪಾರ್ಕ್ ಬ್ಯಾರಕ್ಸ್. ಕೈದಿಗಳಿಗಾಗಿ, ಕೈದಿಗಳಿಂದಲೇ ಕಟ್ಟಿಸಿದ್ದು, 1819ರಲ್ಲಿ ಮುಗಿದದ್ದು. ಮೇಲಿನ ಅಂತಸ್ತಿನಲ್ಲಿ ಸಾಲು ಸಾಲು ಕ್ಯಾನ್ವಾಸಿನ ತೂಗುಹಾಸಿಗೆ. ಒಂದಕ್ಕೊಂದು ಎಷ್ಟು ಹತ್ತಿರ ಅಂದರೆ ಒಬ್ಬ ಮಗ್ಗುಲು ಬದಲಿಸಿದರೆ ಸಾಲಿಗೆ ಸಾಲೇ ಅಲ್ಲಾಡಬೇಕು. ನಮ್ಮ ಜೈಲಿನಲ್ಲಿ ಜಮಖಾನ ಇತ್ತು, ಅದರ ಮೇಲೆ ಮಲಗಿ ಪಕ್ಕದವನ ಕೆಮ್ಮಿನಿಂದ ಗಂಟೆ ಲೆಕ್ಕ ಹಾಕುತ್ತಿದ್ದೆ. ಆ ಸಾಲಿನ ನಡುವೆ ಬಹಳ ಹೊತ್ತು ನಿಂತೆ. ಅಳಿಯ ಒಳ್ಳೆಯ ಹುಡುಗ, ಮೊಬೈಲು ನೋಡುತ್ತಿರುವಂತೆ ನಟಿಸಿದ.

ಕಥೆ ನಾನು ಶಾಲೆಯಲ್ಲಿ ಓದಿದ್ದೆನೋ ಏನೋ, ನೆನಪಿರಲಿಲ್ಲ. ಇಂಗ್ಲೆಂಡಿನ ಜೈಲುಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲಿ ಹನ್ನೊಂದು ಹಡಗುಗಳು ಕೈದಿಗಳನ್ನು ತುಂಬಿಕೊಂಡು ಹೊರಟು 1788ರ ಜನವರಿ 26ರಂದು ಇಲ್ಲಿ ಬೀಡುಬಿಟ್ಟವು. ಅಲ್ಲಿಂದ 1868ರವರೆಗೆ ಬಂದ ಕೈದಿಗಳು ಸುಮಾರು 1,62,000. ಬಟ್ಟೆ ಕದ್ದವರು, ಕುರಿ ಕದ್ದವರು, ಕರವಸ್ತ್ರ ಎಗರಿಸಿದವರು. ಏಳು ವರ್ಷ, ಹದಿನಾಲ್ಕು ವರ್ಷ, ಜೀವಾವಧಿ. ಈ ಕಟ್ಟಡದ ನಕ್ಷೆ ಬರೆದ ಫ್ರಾನ್ಸಿಸ್ ಗ್ರೀನ್‌ವೇ ಕೂಡ ಕೈದಿಯೇ. ಫೋರ್ಜರಿ ಮಾಡಿ ಗಲ್ಲಿನ ಶಿಕ್ಷೆಗೆ ಗುರಿಯಾಗಿ, ಅದು ಹದಿನಾಲ್ಕು ವರ್ಷದ ಗಡಿಪಾರಿಗೆ ಇಳಿದು, ಹಡಗು ಹತ್ತಿ ಬಂದವನು. ಕಟ್ಟಡ ನೋಡಿ ಖುಷಿಪಟ್ಟ ಗವರ್ನರ್ ಮಕ್ವಾರಿ ಅವನನ್ನು ಪೂರ್ತಿ ಕ್ಷಮಿಸಿದ. 1966ರಲ್ಲಿ ಈ ದೇಶ ಡಾಲರ್ ನೋಟು ತಂದಾಗ ಹತ್ತು ಡಾಲರಿನ ಮೇಲೆ ಅವನ ಮುಖ ಅಚ್ಚು ಹಾಕಿತು. ಖೋಟಾ ಕಾಗದ ಸೃಷ್ಟಿಸಿದವನ ಚಿತ್ರ ಸರ್ಕಾರದ ನೋಟಿನ ಮೇಲೆ!

ನೆಲದ ಹಲಗೆಯ ಸಂದಿಯಿಂದ ತೆಗೆದ ವಸ್ತುಗಳ ಪೆಟ್ಟಿಗೆಯೂ ಇದೆ. ಬಟ್ಟೆಯ ಚೂರು, ಗುಂಡಿ, ಕೈದಿಯ ಅಂಗಿ. ಹಲಗೆಯಡಿಯ ಇಲಿಗಳು ಗೂಡಿಗೆಂದು ಎಳೆದುಕೊಂಡು ಹೋಗಿ ಬಚ್ಚಿಟ್ಟದ್ದರಿಂದ ಇವೆಲ್ಲ ಉಳಿದವಂತೆ. ಇಲ್ಲಿನ ಇಲಿಗಳು ದಾಖಲೆ ಕಾಪಾಡಿದ್ದವು, ನಮ್ಮ ಇಲಿಗಳು ನನ್ನ ದಾಖಲೆ ತಿಂದಿದ್ದವು. ನನಗೆ ಯಾವುದು ಉಪಕಾರ ಮಾಡಿತು ಅಂತ ಈಗಲೂ ತೀರ್ಮಾನಿಸಿಲ್ಲ.

ಇನ್ನೊಂದು ಮೂಲೆಯಲ್ಲಿ, ಹಡಗಿನಿಂದ ಇಳಿದವರನ್ನು ಹೇಗೆ ಬರೆದುಕೊಳ್ಳುತ್ತಿದ್ದರು ಎಂಬ ವಿವರ. ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಗಾಯದ ಕಲೆ, ಹಚ್ಚೆ. ಅಳಿಯ ಓದಿ ಹೇಳುತ್ತಿದ್ದಾಗ ನನ್ನ ಬಲಗೈ ತಾನಾಗೇ ಎಡ ಮೊಣಕೈಯ ಕೆಳಗಿನ ಮಚ್ಚೆಯನ್ನು ಮುಟ್ಟಿಕೊಂಡಿತ್ತು. ಹಡಗಿಗೂ, ಜೈಲಿಗೂ, ಪಾಸ್‌ಪೋರ್ಟಿಗೂ ಮನುಷ್ಯನನ್ನು ಗುರುತಿಸಲು ಬೇಕಾದದ್ದು ಅದೇ.

1848ರಲ್ಲಿ ಕೈದಿಗಳು ಖಾಲಿಯಾದ ಮೇಲೆ ಇದೇ ಕಟ್ಟಡ ಹೊರದೇಶದಿಂದ ಬಂದ ಒಂಟಿ ಹೆಣ್ಣುಮಕ್ಕಳನ್ನು ಇಳಿಸಿಕೊಳ್ಳುವ ವಲಸೆ ಡಿಪೋ ಆಯಿತು. ಇದನ್ನೂ ಸೇರಿ ಹನ್ನೊಂದು ಕೈದಿ ತಾಣಗಳನ್ನು 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ಹಂಪಿ ಇರುವ ಪಟ್ಟಿ.

ಹೊರಗೆ ಬಂದು ಕಾಫಿ ಕುಡಿದಾಗ ಚಿಲ್ಲರೆಯ ಜೊತೆ ಒಂದು ಇಪ್ಪತ್ತರ ನೋಟು ಬಂತು. ಕೆಂಪು ಬಣ್ಣ, ಪ್ಲಾಸ್ಟಿಕ್. ಮಡಚಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಮೇಲೆ ಕನ್ನಡಕ, ತಲೆಗೆ ಲೇಸಿನ ಕುಲಾವಿ ಹಾಕಿಕೊಂಡ ಒಬ್ಬ ಅಜ್ಜಿ. ಊರ ಗೌಡರ ಮನೆಯ ಹಿರಿಯಳ ಗತ್ತು. “ಯಾರಪ್ಪ ಇದು, ರಾಣಿಯಾ?” ಅಂದೆ. ಅಳಿಯ ನಕ್ಕ. “ಅಲ್ಲ ಮಾವ, ಕುದುರೆ ಕಳ್ಳಿ.”

ಮೇರಿ ರೀಬಿ. ಹದಿಮೂರನೇ ವಯಸ್ಸಿಗೆ ಗಂಡು ವೇಷ ಹಾಕಿಕೊಂಡು ಇಂಗ್ಲೆಂಡಿನಲ್ಲಿ ಕುದುರೆ ಕದ್ದಳು. ಏಳು ವರ್ಷ ಗಡಿಪಾರು. 1792ರಲ್ಲಿ ಇಲ್ಲಿ ಬಂದಿಳಿದು ಮನೆಗೆಲಸಕ್ಕೆ ಸೇರಿದಳು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಚಾಕರಿ ಮಾಡಿದ್ದ ಒಬ್ಬ ಐರಿಷ್ ಯುವಕನನ್ನು ಮದುವೆಯಾದಳು. 1811ರಲ್ಲಿ ಗಂಡ ಸತ್ತಾಗ ಮಕ್ಕಳು ಏಳು. ಹಡಗು, ಅಂಗಡಿ, ಜಮೀನು ಎಲ್ಲವನ್ನೂ ತಾನೇ ನಿಂತು ನಡೆಸಿದಳು. 1817ರಲ್ಲಿ ಈ ವಸಾಹತಿನ ಮೊದಲ ಬ್ಯಾಂಕು ಬಾಗಿಲು ತೆಗೆದದ್ದು ಅವಳ ಮನೆಯಲ್ಲಿ. ಕಳ್ಳಿಯ ಮನೆಯಲ್ಲಿ ಬ್ಯಾಂಕು! ಕನ್ನಡಕದೊಳಗಿಂದ ಅವಳು ನನ್ನನ್ನು ನೋಡುವ ರೀತಿ, ‘ನಿಂದೇನಪ್ಪ?’ ಅಂತ ಕೇಳುವ ಹಾಗಿತ್ತು. ಈ ನೋಟನ್ನು ಜೇಬಿನಲ್ಲಿಟ್ಟುಕೊಂಡಿರುವ ದೇಶವೇ ನನ್ನನ್ನು ಆ ಚೀಟಿಯಲ್ಲಿ ಕೇಳಿದ್ದು, ನಿನಗೆ ಶಿಕ್ಷೆ ಆಗಿದೆಯೇ ಅಂತ. ಒಂದು ಕಾಲಕ್ಕೆ ಇಲ್ಲಿಗೆ ಬರಬೇಕಾದರೆ ಅದೇ ಅರ್ಹತೆ.

ಮನೆತನದಲ್ಲಿ ಕೈದಿ ಇದ್ದ ಅನ್ನುವುದನ್ನು ಇಲ್ಲಿನವರೂ ಬಹುಕಾಲ ಮುಚ್ಚಿಟ್ಟಿದ್ದರಂತೆ. ಈಗ ಹುಡುಕಿ ತೆಗೆದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಳಿಯನ ಆಫೀಸಿನ ಒಬ್ಬಾತ ಮನೆಗೆ ಬಂದಿದ್ದ. ತನ್ನ ಮುತ್ತಜ್ಜನ ಅಜ್ಜ ಕುರಿ ಕದ್ದು ಬಂದವನು ಅಂತ ನಗುತ್ತ ಹೇಳಿದ. ನಾನೂ ಬಾಯಿ ತೆರೆದೆ. ಅಷ್ಟರಲ್ಲಿ ಇವಳು “ಇನ್ನೊಂದು ದೋಸೆ?” ಅಂತ ಬಂದಳು. ಐದು ತಲೆಮಾರು ಕಾಯಬೇಕೇನೋ.

ಇಷ್ಟೆಲ್ಲ ಬೆರಗಿನ ನಡುವೆ ಒಂದು ಮುಳ್ಳು ಇತ್ತು. ವಿಮಾನ ಇಳಿದಾಗಲೂ, ಬ್ಯಾರಕ್ಸಿನ ಬಾಗಿಲಲ್ಲೂ ಒಂದು ಮಾತು ಕೇಳಿದ್ದೆ, ಈ ನೆಲದ ಮೂಲ ಒಡೆಯರಿಗೆ ಗೌರವ ಅಂತ. ಸಿಡ್ನಿಯ ಈ ಭಾಗ ಗಾಡಿಗಲ್ ಜನರದ್ದು. ಹನ್ನೊಂದು ಹಡಗು ಬಂದಾಗ ಅವರು ದಡದಲ್ಲೇ ಇದ್ದರು. ಕೈದಿ ಅಂತ ಬಂದವನು ಶಿಕ್ಷೆ ಮುಗಿಸಿ, ಸರ್ಕಾರ ಕೊಟ್ಟ ಜಮೀನಿಗೆ ಬೇಲಿ ಹಾಕಿದ. ಆ ಜಮೀನು ಸರ್ಕಾರಕ್ಕೆ ಎಲ್ಲಿಂದ ಬಂತು? ನಾನು ಒಂದು ಮೊಳ ಬದುವಿಗೆ ಒಂದು ಕೈ ಮುರಿದು ಆರು ತಿಂಗಳು ಕೂತೆ. ವಿಮಾನದಿಂದ ಕಂಡ ಆ ಕೆಂಪು ನೆಲದಲ್ಲಿ ಯಾಕೆ ಬದು ಇರಲಿಲ್ಲ ಅನ್ನುವುದು ಆಮೇಲೆ ತಲೆಗೆ ಹೋಯಿತು.

“ನಮ್ಮವರನ್ನೂ ಹೀಗೆ ಹಡಗು ಹತ್ತಿಸಿದ್ರಾ?” ಅಂತ ಅಳಿಯನನ್ನು ಕೇಳಿದೆ. ಅಂಡಮಾನಿನ ಕರಿನೀರು ನನಗೆ ಗೊತ್ತಿತ್ತು, 1858ರದ್ದು. ಅದಕ್ಕೂ ಮೊದಲೇ, 1825ರಿಂದ, ಬ್ರಿಟಿಷರು ಭಾರತದ ಕೈದಿಗಳನ್ನು ಸಿಂಗಪುರಕ್ಕೆ ಸಾಗಿಸುತ್ತಿದ್ದರಂತೆ. ನಾವು ವಿಮಾನ ಬದಲಿಸಿದ ಊರು! ಅಲ್ಲಿನ ಸೇಂಟ್ ಆಂಡ್ರ್ಯೂಸ್ ಎಂಬ ಬೆಳ್ಳನೆಯ ದೊಡ್ಡ ಚರ್ಚನ್ನು ಕಟ್ಟಿದ್ದು ಆ ಕೈದಿಗಳು. ಗೋಡೆಗೆ ಹಚ್ಚಿದ್ದು ಮದ್ರಾಸಿನ ಗಾರೆ. ಚಿಪ್ಪಿನ ಸುಣ್ಣ, ಮೊಟ್ಟೆಯ ಬಿಳಿ, ಬೆಲ್ಲ, ತೆಂಗಿನ ಸಿಪ್ಪೆ ನೆನೆಸಿದ ನೀರು. ನಮ್ಮ ಹಳೇ ಮನೆಗೂ ಅಜ್ಜ ಬೆಲ್ಲದ ನೀರು ಹಾಕಿಸಿ ಗಾರೆ ಅರೆಸಿದ್ದ. ಅದೇ ಗಾರೆಯ ಗೋಡೆಯೇ ಈಗ ನನಗೂ ಅಣ್ಣನಿಗೂ ನಡುವೆ ಇರುವುದು. ವಾಪಸು ಬರುವಾಗ ಸಿಂಗಪುರದ ನಿಲ್ದಾಣದಲ್ಲಿ ಆರು ಗಂಟೆ ಕೂತಿದ್ದೆವು. ಹೊರಗೆ ಹೋಗಬೇಕೆಂದರೆ ಮತ್ತೆ ಬೇರೆ ಅರ್ಜಿ, ಬೇರೆ ಪ್ರಶ್ನೆ. ಗಾಜಿನ ಗೋಡೆಗೆ ಮುಖ ಒತ್ತಿ, ಊರು ಯಾವ ಕಡೆ ಇರಬಹುದು ಅಂತ ನೋಡಿದೆ. ಬರೀ ಮಳೆ ಕಾಣಿಸಿತು.

ಊರಿಗೆ ಬಂದ ಮರುದಿನ ಸಂಜೆ ಆ ಇಪ್ಪತ್ತರ ನೋಟನ್ನು ಹಿಡಿದುಕೊಂಡು ಗೋಡೆಯ ಆಚೆಗೆ ಹೋದೆ. ಅಣ್ಣ ಜಗಲಿಯಲ್ಲೇ ಇದ್ದ. ಅತ್ತಿಗೆ ಕಾಫಿ ತಂದಿಟ್ಟು ಬಾಗಿಲ ಹಿಂದೆ ನಿಂತಳು. ನೋಟು ಕೊಟ್ಟು ಆ ಅಜ್ಜಿಯ ಕಥೆ ಹೇಳಿದೆ. ಅಣ್ಣ ಅದನ್ನು ಎಡಗೈ ಬೆರಳಲ್ಲಿ ಸಿಕ್ಕಿಸಿಕೊಂಡು, ಬಲಗೈಯಿಂದ ಮಡಚಿದ. ಅದು ಬಿಚ್ಚಿಕೊಂಡಿತು. ಮತ್ತೆ ಮಡಚಿದ. ಮತ್ತೆ ಬಿಚ್ಚಿಕೊಂಡಿತು.

“ಕುದುರೆ ಕದ್ದೋಳನ್ನ ನೋಟಿನ ಮ್ಯಾಲೆ ಹಾಕ್ಯಾರಾ?”

“ಹೂಂ.”

“ಕುದುರೆ ಕಳಕಂಡೋನ್ದು?”

ನನಗೆ ಗೊತ್ತಿರಲಿಲ್ಲ. ಅದನ್ನು ಎಲ್ಲೂ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ.

ಅಣ್ಣ ನೋಟನ್ನು ಜೇಬಿಗೆ ಹಾಕಿಕೊಂಡು ಕಾಫಿ ಲೋಟ ಎತ್ತಿದ. ಸ್ವಲ್ಪ ಹೊತ್ತು ಬಿಟ್ಟು ಅಂದ: “ಈ ಸಲ ಮಳಿ ಇಲ್ಲ, ನಾಲಿ ನೀರು ಸರದಿ ಮ್ಯಾಲೆ ಬಿಡ್ತಾರಂತೆ. ರಾತ್ರಿ ಪಾಳಿ ಬಂದ್ರೆ ಇಬ್ರೂ ಹೋಗಣ. ನೀನು ಬ್ಯಾಟ್ರಿ ತಗಂಬಾ. ಸಲಿಕೆ ನಾನು ತರ್ತೀನಿ.”